ಪಂಪು ಸುಮ್ಮನಾದ ಹೊತ್ತು

"ಆ ಸುತ್ತಿಗೆ ಪಂಪಿಗೆ ತಾಗಿದ್ರೆ, ನಿಮ್ಮ ತಲೆಗೂ ತಾಗತ್ತೆ!"

ಕ್ಲೇಟನ್ ಎತ್ತಿದ ಕೈಯನ್ನು ಹಾಗೇ ನಿಲ್ಲಿಸಿದ. ರಿಪೇರಿಗೆಂದು ಕರೆಸಿಕೊಂಡವರೇ ಬಾಗಿಲಲ್ಲಿ ನಿಂತು ಬೆದರಿಸುವುದು ಅವನಿಗೆ ಹೊಸತು.

"ಇದು ರಬ್ಬರ್ ಸುತ್ತಿಗೆ," ಎಂದ.

"ತಲೆಗೆ ತಾಗೋದು ಕಬ್ಬಿಣದ್ದು," ಎಂದಳು ಮರೀಕೆ.

ಮಿಷಿಗನ್ ಸರೋವರದ ದಂಡೆಯಲ್ಲಿ ಸೇಬಿನ ರಸ ತೆಗೆಯುವ ಆ ಸೈಡರ್ ಮಿಲ್ಲಿನಲ್ಲಿ, ಅರೆದ ಸೇಬಿನ ತಿರುಳನ್ನು ಹಿಂಡುವ ಯಂತ್ರಕ್ಕೆ ದೂಡುವುದು ಈ ಗಾಳಿ ಪಂಪು. ಕಂಪ್ರೆಸರಿನ ಗಾಳಿ ಎರಡು ರಬ್ಬರ್ ಪೊರೆಗಳನ್ನು ಸರದಿಯಂತೆ ನೂಕುತ್ತದೆ, ಧಡ್-ಧಡ್ ಎಂದು ತಿರುಳು ಮುಂದೆ ಹೋಗುತ್ತದೆ. ಮಿಲ್ಲು ಕೋರಾ ಅತ್ತೆಯದು. ಪಂಪು ಮಾತ್ರ ಸೋದರಸೊಸೆ ಮರೀಕೆಯದು. ಅದನ್ನು ಬೇರೆಯವರು ಮುಟ್ಟಿದರೆ ಅವಳಿಗೆ ಆಗದು.

ಕ್ಲೇಟನ್ ಗಾಳಿಯನ್ನು ಬಂದ್ ಮಾಡಿದ. ಗಾಳಿ ಹೊರಹೋಗುವ ಕೊಳವೆಯ ಬಾಯನ್ನು ಬಿಚ್ಚಿದ. ಮೆಲ್ಲಗೆ ತಟ್ಟಿದ.

"ಕೈ ಚಾಚಿ."

ಅವಳ ಅಂಗೈ ಮೇಲೆ ಬಿದ್ದದ್ದು... ಒಂದು ಮಂಜುಗಡ್ಡೆ!

"ಸೆಪ್ಟೆಂಬರ್ ಸೆಕೇಲಿ?!"

"ಗಾಳೀಲಿ ತೇವ ಇದೆ. ಹೊರಗೆ ನುಗ್ಗೋವಾಗ ತಣ್ಣಗಾಗಿ ಹೆಪ್ಪುಗಟ್ಟುತ್ತೆ, ದಾರಿ ಕಟ್ಟುತ್ತೆ. ದಿನಾ ಬೆಳಿಗ್ಗೆ ಗಾಳಿ ಪೈಪಿನ ನೀರು ಬಸೀರಿ, ಸಾಕು."

ಅವನು ಹೋದ ಮೇಲೂ ಅವಳು ಆ ಗಡ್ಡೆಯನ್ನು ಹಿಡಿದೇ ಇದ್ದಳು, ಕರಗುವವರೆಗೆ.

ಕಷ್ಟ ಶುರುವಾದದ್ದು ಅಲ್ಲಿಂದ. ಅವಳು ದಿನಾ ನೀರು ಬಸಿದಳು. ಪಂಪು ಕೆಡಲೇ ಇಲ್ಲ! ಇಷ್ಟು ಒಳ್ಳೆಯ ಸಲಹೆ ಕೊಟ್ಟು ಹೋದವನನ್ನು ಮತ್ತೆ ಕರೆಸುವುದು ಹೇಗೆ?

ಕೊನೆಗೆ ದಾರಿ ತೋರಿಸಿದ್ದೂ ಪಂಪೇ. ತಿರುಳು ಮುಂದೆ ಹೋಗುವ ಪೈಪಿನ ವಾಲ್ವನ್ನು ಮುಚ್ಚಿದರೆ ಅದು ತಣ್ಣಗೆ ನಿಂತುಬಿಡುತ್ತದೆ. ಸುಡುವುದಿಲ್ಲ, ಒಡೆಯುವುದಿಲ್ಲ. ಮರೀಕೆ ಮುಚ್ಚಿದಳು. ಫೋನ್ ಮಾಡಿದಳು.

ಕ್ಲೇಟನ್ ಬಂದ. ಗಲ್ಲ ಕೆರೆದುಕೊಂಡ. "ಹೂಂ... ಕೇಸು ಗಂಭೀರವಾಗಿದೆ," ಎಂದು ಒಂದೊಂದೇ ಬೋಲ್ಟು ಬಿಚ್ಚಿ, ಒಳಗಿನ ಗುಂಡುಗಳನ್ನು ಒರೆಸಿ, ಮತ್ತೆ ಜೋಡಿಸಿದ. ಎಲ್ಲ ಮುಗಿಯುವ ಹೊತ್ತಿಗೆ ಮಿಲ್ಲಿನ ಅಂಗಡಿಯಲ್ಲಿ ಅತ್ತೆ ಕರಿಯುವ ಸಿಹಿ ಡೋನಟ್ ಎಣ್ಣೆಯಿಂದ ಎದ್ದಿತ್ತು. ಇಬ್ಬರೂ ಕಟ್ಟೆ ಮೇಲೆ ಕೂತು ತಿಂದರು. ನಗು, ಹರಟೆ... ಆಮೇಲೆ ಪಂಪು ಪದೇ ಪದೇ 'ಕೆಟ್ಟಿತು'.

"ಪಾಪ, ಈ ಪಂಪಿಗೆ ಬರೋ ಕಾಯಿಲೆಯೆಲ್ಲ ಡೋನಟ್ ಕರಿಯೋ ಹೊತ್ತಿಗೇ ಬರುತ್ತೆ," ಎಂದು ಕೋರಾ ಅತ್ತೆ ಏಪ್ರನ್ನಿನಿಂದ ಪೆಪ್ಪರ್‌ಮಿಂಟ್ ತೆಗೆದು ಬಾಯಿಗೆ ಹಾಕಿಕೊಂಡರು. ಚರ್ಚಿನಲ್ಲಿ ಉಪದೇಶ ಉದ್ದವಾದಾಗಲೂ ಅವರು ಹಾಗೇ ಮಾಡುತ್ತಿದ್ದರು.

ಮರೀಕೆಗೆ ಒಂದೇ ಭಯ. ಅಕ್ಟೋಬರ್ ಮುಗಿದರೆ ಸೇಬೂ ಮುಗಿಯಿತು. ಪಂಪನ್ನು ತೊಳೆದು ಮೂಲೆಗಿಟ್ಟರೆ ಮುಂದಿನ ಸುಗ್ಗಿವರೆಗೆ ಅವನನ್ನು ಕರೆಯಲು ನೆಪವೇ ಇಲ್ಲ... ಅಷ್ಟರಲ್ಲಿ ಅವನು ಏನಾದರೂ ಹೇಳುತ್ತಾನಾ?

ಅವನು ಹೇಳಲಿಲ್ಲ. ಬದಲಿಗೆ ಒಂದು ಬೆಳಿಗ್ಗೆ ಅವಳು ವಾಲ್ವ್ ಮುಚ್ಚಲು ಹೋದರೆ, ಅದರ ಹಿಡಿಯೇ ಇಲ್ಲ! ಹಿಂದಿನ ದಿನ ಬಂದವನು ಬಿಚ್ಚಿಕೊಂಡು ಹೋಗಿದ್ದ.

ಅವಳ ಮುಖ ಕೆಂಡವಾಯಿತು.

'ಗೊತ್ತಿತ್ತು ಅವನಿಗೆ! ಮೊದಲಿಂದಲೂ... ಒಳಗೊಳಗೇ ನಗ್ತಿದ್ದ. ಈಗ ಸಾಕಾಗಿ, ಮಕ್ಕಳ ಕೈಯಿಂದ ಆಟಿಕೆ ಕಿತ್ಕೊಂಡ ಹಾಗೆ ಕಿತ್ಕೊಂಡು ಹೋದ. ಇನ್ನು ಸತ್ತರೂ ಕರೆಯಲ್ಲ!'

ಕರೆಯಲಿಲ್ಲ.

ಸುಗ್ಗಿಯ ಕೊನೆಯ ಶನಿವಾರ, ಅಂಗಡಿ ಮುಂದೆ ಜನವೋ ಜನ, ಗಾಳಿ ಹೊರಹೋಗುವ ಕೊಳವೆಯಿಂದ ಫಚ್ಚೆಂದು ಸೇಬಿನ ತಿರುಳು ಚಿಮ್ಮಿತು. ಮರೀಕೆಯ ತಲೆಯಿಂದ ಕಾಲವರೆಗೆ ಅಭಿಷೇಕ!

ಒಳಗಿನ ಪೊರೆ ಹರಿದಿತ್ತು. ಈ ಸಲ ನಿಜವಾಗಿ.

ಅವಳು ಗಾಳಿ ಬಂದ್ ಮಾಡಿ, ಉಳಿದ ಒತ್ತಡ ಬಿಟ್ಟು, ಸ್ಪ್ಯಾನರ್ ಹಿಡಿದಳು. ಅರ್ಧ ಬಿಚ್ಚಿದಾಗ ಬಾಗಿಲಲ್ಲಿ ಕ್ಲೇಟನ್ ನಿಂತಿದ್ದ.

"ಯಾರು ಕರೆದದ್ದು?"

"ನಾನು!" ಅಂಗಡಿಯಿಂದ ಅತ್ತೆಯ ದನಿ. "ಜಗಳ ಆಮೇಲೆ. ಮೊದಲು ಸೈಡರ್!"

ಇಬ್ಬರೂ ಸೇರಿ ಹೊಸ ಪೊರೆ ಕೂರಿಸಿದರು. ಬೋಲ್ಟುಗಳನ್ನು ಎದುರುಬದುರಾಗಿ ಸ್ವಲ್ಪ ಸ್ವಲ್ಪವೇ ಬಿಗಿಯಬೇಕು. ಅವನೊಂದು, ಅವಳೊಂದು. ಕಡೆಗೆ ಅವಳಿಗೆ ತಡೆಯಲಾಗಲಿಲ್ಲ.

"ಯಾವಾಗ ಗೊತ್ತಾಯ್ತು?"

"ಮೊದಲನೇ ಸಲಾನೇ. ವಾಲ್ವ್ ಮುಚ್ಚಿ ಅದರ ಹಿಡಿ ಅಡ್ಡ ನಿಂತಿದ್ದು ಬಾಗಿಲಿಂದಲೇ ಕಾಣುತ್ತೆ."

"ಮತ್ತೆ ಪ್ರತೀ ಸಲ ಅಷ್ಟು ಬೋಲ್ಟು ಬಿಚ್ಚಿದ್ದು?!"

"ಐದೇ ನಿಮಿಷಕ್ಕೆ ವಾಪಸ್ ಹೋಗೋದಕ್ಕೆ ಮನಸ್ಸಿರಲಿಲ್ಲ."

ಅವಳ ಕೈಯ ಸ್ಪ್ಯಾನರ್ ನಿಂತಿತು. "ಹಾಗಾದ್ರೆ ಹಿಡಿ ಯಾಕೆ ಕದ್ರಿ?"

"ಪಂಪು ಕೆಡದೇ ಇದ್ರೂ ಕರೀತೀರಾ ನೋಡೋಣ ಅಂತ..." ಅವನು ತಲೆ ತಗ್ಗಿಸಿದ. "ನೀವು ಕರೀಲಿಲ್ಲ. ಫೋನ್ ಹಿಡ್ಕೊಂಡೇ ಊಟ ಮಾಡ್ತಿದ್ದೆ."

ಅಯ್ಯೋ ದಡ್ಡ! ಬಾಯಿಬಿಟ್ಟು ಕೇಳಿದ್ದರೆ ಆಗುತ್ತಿರಲಿಲ್ಲವೇ? ...ಅವಳೂ ಕೇಳಬಹುದಿತ್ತು, ಅದು ಬೇರೆ ಮಾತು.

ಗಾಳಿ ಬಿಟ್ಟರು. ಧಡ್-ಧಡ್! ಮಿಲ್ಲು ಮತ್ತೆ ಗುಡುಗಿತು. ಅದೇ ಗದ್ದಲದಲ್ಲಿ ಕ್ಲೇಟನ್ ಏನೋ ಹೇಳಿದ. ತುಟಿ ಆಡಿದ್ದಷ್ಟೇ ಕಂಡಿತು.

"ಏನು?!"

ಮತ್ತೆ ಹೇಳಿದ. ಧಡ್-ಧಡ್-ಧಡ್.

"ಕೇಳಿಸ್ತಿಲ್ಲ!"

ಅವನು ಜೇಬಿನಿಂದ ವಾಲ್ವಿನ ಹಿಡಿ ತೆಗೆದು, ಜಾಗಕ್ಕೆ ಕೂರಿಸಿ, ಅವಳ ಕಡೆ ನೋಡಿದ. ಮರೀಕೆ ಅದನ್ನು ತಿರುಗಿಸಿದಳು. ಪಂಪು ಒಮ್ಮೆ ನಿಟ್ಟುಸಿರಿಟ್ಟು ಸುಮ್ಮನಾಯಿತು.

"ಮತ್ತೆ ಕೆಟ್ಟಿತಾ?!" ಅತ್ತೆ ಕೂಗಿದರು.

"ಇಲ್ಲ ಅತ್ತೆ! ನಾನೇ ನಿಲ್ಲಿಸಿದೆ!"

ಅಂಗಡಿಯಲ್ಲಿ ಯಾರೋ ಗೊಣಗಿದರು. "ಪೆಪ್ಪರ್‌ಮಿಂಟ್ ತಗೊಳ್ಳಿ, ಸ್ವಲ್ಪ ತಡ ಆಗುತ್ತೆ," ಎಂದು ಅತ್ತೆ ಅವರ ಬಾಯಿ ಮುಚ್ಚಿಸಿದ್ದು ಕೇಳಿಸಿತು.

"ಈಗ ಹೇಳಿ," ಎಂದಳು ಮರೀಕೆ.

"ಸೇಬು ಮುಗಿದ ಮೇಲೂ ಬರ್ತೀನಿ. ಹಿಮ ಬಿದ್ದ ಮೇಲೂ..." ಅವನು ಅವಳ ಕೆನ್ನೆಗಂಟಿದ್ದ ಸೇಬಿನ ಸಿಪ್ಪೆ ತೆಗೆದ. "ನೀನಂದ್ರೆ ನನಗೆ ಜೀವ, ಮರೀಕೆ."

ಅವಳ ಕಣ್ಣು ತುಂಬಿತು. ಕೈ ಮಾತ್ರ ಹಿಡಿಯ ಮೇಲೇ ಇತ್ತು.

"ಪಂಪು ಹೀಗೇ ನಿಂತಿದ್ರೆ ಏನೂ ಆಗಲ್ವಾ?"

"ಏನೂ ಆಗಲ್ಲ. ನೀನು ತೆರೆಯೋವರೆಗೂ ಕಾಯುತ್ತೆ."

"ಹಾಗಾದ್ರೆ... ಇನ್ನೊಂದ್ಸಲ ಹೇಳು."