ಲಿಫ್ಟ್‌ನವರ ಹೆಂಡತಿ

ಲಿಫ್ಟ್‌ನವರ ಹೆಂಡತಿ ಸತ್ತ ಸುದ್ದಿಯನ್ನು ಎಲ್ಲರಿಗೂ ಓದಿ ಹೇಳಿದ್ದು ನಾನೇ.

ನಮ್ಮ ಬರಹಗಾರರ ಬಳಗದಲ್ಲಿ ಯಾರೂ ತಮ್ಮ ಕಥೆಯನ್ನು ತಾವೇ ಓದುವ ಹಾಗಿಲ್ಲ. ಪಕ್ಕದಲ್ಲಿ ಕೂತವರು ಓದಬೇಕು, ಬರೆದವರು ತುಟಿ ಪಿಟಕ್ಕೆನ್ನದೆ ಕೇಳಬೇಕು. ಇನ್ನೊಂದು ನಿಯಮ ಇದಕ್ಕಿಂತ ಕಟ್ಟುನಿಟ್ಟು. ಕಥೆಯ ಬಗ್ಗೆ ಏನು ಬೇಕಾದರೂ ಕೇಳಿ, ಬರೆದವರ ಮನೆ ವಿಷಯ ಮಾತ್ರ ಕೇಳಬೇಡಿ. ಹಿಂದೊಮ್ಮೆ ಯಾರೋ ತಮ್ಮ ಅತ್ತೆಯ ಮೇಲೆ ಕಥೆ ಬರೆದಿದ್ದರಂತೆ, ಕೇಳಿದವರೊಬ್ಬರು ಆ ಅತ್ತೆಗೇ ಫೋನ್ ಮಾಡಿ ದೊಡ್ಡ ರಾದ್ಧಾಂತ ಆಗಿತ್ತಂತೆ. ಆಮೇಲೇ ಬಳಗ ನಡೆಸುವ ಗಣಿತದ ಮೇಷ್ಟ್ರು ಈ ನಿಯಮ ತಂದರು.

ನಾವು ಸೇರುವುದು ಭಾನುವಾರ ಮಧ್ಯಾಹ್ನ, ಲಾಂಡ್ರಿಯ ಮೇಲಿನ ಕೋಣೆಯಲ್ಲಿ. ಕೆಳಗಿನ ಇಸ್ತ್ರಿಯ ಬಿಸಿ ಪಾದಕ್ಕೆ ತಾಗುತ್ತಿರುತ್ತೆ. ಮೇಷ್ಟ್ರು ಬರೆಯೋದು, ಮನೆಯಲ್ಲಿ ಅವರ ಮಾತು ಯಾರೂ ಕಿವಿಗೆ ಹಾಕಿಕೊಳ್ಳಲ್ಲ ಅಂತ. ನರ್ಸಮ್ಮ ಬರೆಯೋದು, ಡ್ಯೂಟಿಯಲ್ಲಿ ಅಳೋ ಹಾಗಿಲ್ಲ ಅಂತ. ನೀವ್ಯಾಕೆ ಬರೀತೀರಿ ಅಂತ ನನ್ನನ್ನು ಕೇಳಿದಾಗ "ಸುಮ್ಮನೆ, ಟೈಮ್‌ಪಾಸ್‌ಗೆ" ಅಂದೆ. ಶುದ್ಧ ಸುಳ್ಳು.

ನಾನು ಹಲ್ಲಿನ ಸೆಟ್ ಮಾಡೋಳು. ಇಡೀ ದಿನ ಲ್ಯಾಬಿನಲ್ಲಿ ಮೇಣದ ಒಸಡು ತಿದ್ದುತ್ತಾ, ಜನರ ಬಾಯಿಯ ಅಚ್ಚುಗಳ ಮಧ್ಯೆ ಕೂತಿರುತ್ತೇನೆ. ಅಷ್ಟೊಂದು ಬಾಯಿ, ಒಂದಾದರೂ ಮಾತಾಡಬೇಕಲ್ಲ! ಸಂಜೆ ಹೋದರೆ ಅಣ್ಣನ ಮನೆಯ ಮಹಡಿಯಲ್ಲಿ ನನ್ನ ರೂಮು. ಅತ್ತಿಗೆ ಕೆಟ್ಟವರಲ್ಲ. ಕೆಳಗಿನಿಂದ "ಊಟಕ್ಕೆ ಬಾ" ಅಂತ ಕೂಗುತ್ತಾರೆ, ಆಮೇಲೆ "ಮೆಟ್ಟಿಲ ಲೈಟ್ ಆರಿಸು" ಅಂತಾರೆ. ಎಷ್ಟೋ ದಿನ ನನ್ನ ಜೊತೆ ಯಾರಾದರೂ ಆಡಿದ ಮಾತು ಅಷ್ಟೇ. ಹಾಳೆಯ ಮೇಲಾದರೂ ಯಾರಾದರೂ ನನಗೆ ಎದುರುತ್ತರ ಕೊಡಲಿ ಅಂತ ನಾನು ಬರೆಯೋದು.

ಲಿಫ್ಟ್‌ನವರು ಅಂದರೆ ಲಿಫ್ಟ್ ರಿಪೇರಿ ಮಾಡೋರು. ಉದ್ದನೆಯ ಆಸಾಮಿ, ಮಾತು ಕಮ್ಮಿ. ಎಷ್ಟು ತಿಕ್ಕಿ ತೊಳೆದರೂ ಉಗುರಿನ ಸಂದಿಯಲ್ಲಿ ಗ್ರೀಸ್ ಉಳಿದೇ ಇರುತ್ತಿತ್ತು. ವರ್ಷಗಳಿಂದ ನನ್ನ ಪಕ್ಕದ ಕುರ್ಚಿ ಅವರದು, ಹಾಗಾಗಿ ಅವರ ಕಥೆ ಯಾವಾಗಲೂ ನನ್ನ ಪಾಲಿಗೆ. ಎಲ್ಲ ಕಥೆಯಲ್ಲೂ ಲಿಫ್ಟ್ ರಿಪೇರಿ ಮಾಡುವ "ನಾನು", ಆ ನಾನುವಿಗೆ ಒಬ್ಬಳು ಬಾಯಿಬಡುಕಿ ಹೆಂಡತಿ.

"ರೀ, ಊರಿನ ಲಿಫ್ಟೆಲ್ಲ ನೆಟ್ಟಗೆ ಮಾಡ್ತೀರ, ನಮ್ಮನೆ ನಲ್ಲಿ ಮಾತ್ರ ಸೋರ್ತಾನೇ ಇರ್ಲಿ ಅಲ್ವಾ?" ಅಂತ ನಾನು ಓದಿದರೆ ಎಲ್ಲರೂ ನಗೋರು. ಅವರು ಮಾತ್ರ ನಗುತ್ತಿರಲಿಲ್ಲ. ತಲೆ ಸ್ವಲ್ಪ ಓರೆ ಮಾಡಿ, ನೆಲ ನೋಡುತ್ತಾ ಕೇಳುತ್ತಿದ್ದರು. ಕಣ್ಣ ಪಕ್ಕದ ನೆರಿಗೆ ಮಾತ್ರ ಒಂದಿಷ್ಟು ಆಳವಾಗುತ್ತಿತ್ತು. ಹಾಳೆಯ ಅಂಚಿನಿಂದ ನಾನು ಅದನ್ನು ಕದ್ದು ನೋಡುತ್ತಿದ್ದೆ.

ಜೀವನದಲ್ಲಿ ಒಬ್ಬ ಗಂಡಸನ್ನು "ರೀ" ಅಂತ ಕರೆಯೋ ಭಾಗ್ಯ ನನಗೆ ಸಿಕ್ಕಿದ್ದು ಅಲ್ಲೇ. ಅದೂ ಇನ್ನೊಬ್ಬಳ ಪರವಾಗಿ. ಯಾವಾಗ ಅವರ ಮೇಲೆ ಮನಸ್ಸಾಯಿತೋ ಗೊತ್ತಿಲ್ಲ. ಗೊತ್ತಾದ ದಿನ ಕನ್ನಡಿ ಮುಂದೆ ನಿಂತು ಚೆನ್ನಾಗಿ ಬೈದುಕೊಂಡೆ. ಹೆಂಡತಿಯನ್ನು ಇಷ್ಟು ಹಚ್ಚಿಕೊಂಡಿರೋ ಮನುಷ್ಯನ ಮೇಲೆ ಕಣ್ಣು ಹಾಕ್ತೀಯಲ್ಲ, ನಾಚಿಕೆ ಆಗಲ್ವೇನೇ ನಿನಗೆ? ಆಮೇಲಿಂದ ಓದಿ ಮುಗಿಸಿದ ಹಾಳೆಯನ್ನು ಅವರ ಮುಖ ನೋಡದೆ ವಾಪಸ್ ಕೊಡುತ್ತಿದ್ದೆ.

ಹೀಗಿರುವಾಗ ಆ ಕಥೆ ಬಂತು. ಹೆಂಡತಿಗೆ ಜ್ವರ. ಎರಡನೇ ಹಾಳೆಯಲ್ಲಿ ಆಸ್ಪತ್ರೆ. ಮೂರನೆಯದರಲ್ಲಿ ಹೋಗೇಬಿಟ್ಟಳು. ನರ್ಸಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡರು. ಮೇಷ್ಟ್ರು "ಭಾಷೆ ಹದವಾಗಿದೆ" ಅಂತ ಶುರು ಮಾಡಿ ಕನ್ನಡಕ ಒರೆಸುತ್ತಾ ಕೂತರು. ಇದು ನಿಜವೇ ಅಂತ ಕೇಳೋಕೆ ನಿಯಮ ಬಿಡಬೇಕಲ್ಲ. ಲಿಫ್ಟ್‌ನವರು ಎದ್ದು, ಎಲ್ಲರಿಗೂ ಕೈ ಮುಗಿದು ಹೊರಟುಹೋದರು.

ಮುಂದಿನ ಭಾನುವಾರ ಅವರು ಬರಲಿಲ್ಲ.

"ಪಾಪ, ಒಬ್ಬರೇ ಹೇಗಿದ್ದಾರೋ ಏನೋ" ಅಂದರು ನರ್ಸಮ್ಮ.

"ಹೋಗಿ ನೋಡಬಹುದಿತ್ತು. ಆದರೆ ನಿಯಮ..." ಅಂತ ಮೇಷ್ಟ್ರು ರಾಗ ಎಳೆದರು.

ನನಗೆ ಎಲ್ಲಿತ್ತೋ ಸಿಟ್ಟು. "ನಿಮ್ಮ ನಿಯಮ ನೀವೇ ಇಟ್ಕೊಳ್ಳಿ ಸಾರ್. ಅವರ ಮನೆ ಎಲ್ಲಿ, ಹೇಳಿ."

ದಾರಿಯುದ್ದಕ್ಕೂ ಸಮಾಧಾನದ ಮಾತು ಜೋಡಿಸಿಕೊಂಡೆ. ನಡುವೆ ಒಂದು ಯೋಚನೆ ಕಳ್ಳನ ಹಾಗೆ ಒಳಗೆ ನುಗ್ಗಿತು. ಇನ್ನು ಅವರಿಗೂ ಯಾರೂ ಇಲ್ಲ. ಥೂ, ಅಂತ ನಡುರಸ್ತೆಯಲ್ಲೇ ಗಟ್ಟಿಯಾಗಿ ಅಂದುಬಿಟ್ಟೆ. ಎದುರಿಗೆ ಬರುತ್ತಿದ್ದವರು ಪಕ್ಕಕ್ಕೆ ಸರಿದರು.

ಲಿಫ್ಟ್‌ನವರ ಮನೆ ನಾಲ್ಕನೇ ಮಹಡಿಯಲ್ಲಿ. ಕಟ್ಟಡಕ್ಕೆ ಲಿಫ್ಟ್ ಇಲ್ಲ! ಏದುಸಿರು ಬಿಡುತ್ತಾ ಬೆಲ್ ಒತ್ತಿದೆ.

ಬಾಗಿಲು ತೆಗೆದವರು ನನ್ನನ್ನು ನೋಡಿ ಕಕ್ಕಾಬಿಕ್ಕಿಯಾದರು. "ನೀವಾ? ಬನ್ನಿ, ಬನ್ನಿ. ಕೂತ್ಕೊಳ್ಳಿ." ಕುರ್ಚಿಯ ಮೇಲಿದ್ದ ಬಟ್ಟೆಯ ರಾಶಿ ಎತ್ತಿ, ಎಲ್ಲಿಡಬೇಕೋ ತೋಚದೆ ಅದನ್ನೇ ತಬ್ಬಿಕೊಂಡು ನಿಂತರು.

"ವಿಷಯ ಕೇಳಿ ತುಂಬ ಸಂಕಟ ಆಯ್ತು" ಅಂದೆ.

"ಯಾವ ವಿಷಯ?"

"ನಿಮ್ಮ ಮನೆಯವರು..."

"ಅಮ್ಮನಾ? ಅವರು ಅಕ್ಕನ ಮನೇಲಿದ್ದಾರೆ. ಬೆಳಿಗ್ಗೆ ತಾನೆ ಫೋನ್ ಮಾಡಿ ಚೆನ್ನಾಗಿ ಬೈದ್ರು. ಯಾಕೆ, ಏನಾಯ್ತು?"

"ಅಯ್ಯೋ, ನಿಮ್ಮ ಹೆಂಡತಿ ಕಣ್ರಿ!"

"ಯಾವ ಹೆಂಡತಿ?"

ಸುತ್ತ ನೋಡಿದೆ. ಒಂದು ಮಂಚ, ಒಂದು ಕುರ್ಚಿ, ಗೋಡೆಗೆ ನೇತುಹಾಕಿದ ಟೂಲ್ ಬ್ಯಾಗ್. ಹೆಂಗಸೊಬ್ಬಳು ಆ ಮನೆಯಲ್ಲಿ ಒಂದು ದಿನವೂ ಇದ್ದ ಕುರುಹಿರಲಿಲ್ಲ.

"ನನಗೆ ಮದುವೇನೇ ಆಗಿಲ್ವಲ್ಲ" ಅಂದರು ಮೆಲ್ಲಗೆ. "ಸಂಜೆ ಮನೆಗೆ ಬಂದ್ರೆ ಬೈಯೋಕೂ ಒಬ್ಬರಿಲ್ಲ. ಅದಕ್ಕೇ ಅವಳನ್ನ ಬರೆದೆ."

"ಮತ್ತೆ ಸಾಯಿಸಿದ್ದು ಯಾಕೆ?"

ಅವರು ಬಟ್ಟೆ ರಾಶಿಯ ಕಡೆ ನೋಡಿದರು. "ಮೊದಮೊದಲು ಅವಳಿಗೆ ದನಿ ಇರ್ಲಿಲ್ಲ. ನೀವು ಓದೋಕೆ ಶುರು ಮಾಡಿದ್ಮೇಲೆ ನಿಮ್ಮ ದನೀಲಿ ಮಾತಾಡೋಕೆ ಹಿಡಿದ್ಲು. ಬರೀತಾ ಕೂತ್ರೆ ನೀವೇ ಅಡುಗೆಮನೇಲಿ ನಿಂತು ಬೈತಿದ್ದೀರಿ ಅನ್ಸೋದು. ನಿಮ್ಮನ್ನ ಕೇಳದೆ ಮನೆಗೆ ಕರ್ಕೊಂಡು ಬಂದ ಹಾಗಾಯ್ತಲ್ಲ, ತಪ್ಪು ಅನ್ನಿಸ್ತು, ಬಳಗಕ್ಕೆ ಬರೋಕೂ ನಾಚಿಕೆ ಆಯ್ತು. ನೀವಂತೂ ಹಾಳೆ ಕೊಡುವಾಗ ನನ್ನ ಮುಖ ಕೂಡ ನೋಡ್ತಿರ್ಲಿಲ್ಲ."

"ಹೆಂಡತಿ ಇರೋ ಗಂಡಸಿನ ಮುಖ ನಾನ್ಯಾಕೆ ನೋಡ್ಲಿ?" ನನ್ನ ದನಿ ತಾರಕಕ್ಕೇರಿತು. "ಇಷ್ಟು ವರ್ಷ ಆಸೆ ನುಂಗ್ಕೊಂಡು ಸತ್ತಿದ್ದೀನಿ ನಾನು! ಅವಳಿಗೆ ಜ್ವರ ಅಂತ ಓದುವಾಗ ನನ್ನ ದೃಷ್ಟೀನೇ ತಾಗ್ತೇನೋ ಅಂತ ನನ್ನನ್ನೇ ಶಪಿಸ್ಕೊಂಡೆ. ಇಲ್ಲದೇ ಇರೋ ಒಬ್ಬಳಿಗೆ ಹೆದರಿಕೊಂಡು..."

ಅಲ್ಲಿಗೆ ನಿಲ್ಲಿಸಿದೆ. ಏನು ಹೇಳಿಬಿಟ್ಟೆ ಅಂತ ಆಗ ಗೊತ್ತಾಯಿತು. ಕಿವಿ ಬಿಸಿಯಾಯಿತು. ಭಾನುವಾರದ ಆ ಒಂದು ಕುರ್ಚಿ ಬಿಟ್ಟರೆ ಈ ಊರಿನಲ್ಲಿ ನನ್ನದು ಅಂತ ಇದ್ದಿದ್ದೇನು? ಅದನ್ನೂ ಕೈಯಾರೆ ಕಳೆದುಕೊಂಡೆ ಅಂದುಕೊಂಡೆ. ಎದ್ದು ಬಾಗಿಲ ಕಡೆ ಹೊರಟೆ.

ಅಷ್ಟರಲ್ಲಿ ಅವರ ಫೋನ್ ಹೊಡೆದುಕೊಂಡಿತು. ಯಾವುದೋ ಆಫೀಸಿನ ಲಿಫ್ಟಿನಲ್ಲಿ ಇಬ್ಬರು ಸಿಕ್ಕಿಹಾಕಿಕೊಂಡಿದ್ದರು. "ಬಂದೆ, ಬಂದೆ" ಅಂತ ಅವರು ಟೂಲ್ ಬ್ಯಾಗ್ ಹೆಗಲಿಗೇರಿಸಿದರು. ಬಟ್ಟೆ ರಾಶಿ ಇನ್ನೂ ಒಂದು ಕೈಯಲ್ಲೇ ಇತ್ತು. ಅದನ್ನು ನನ್ನ ಕೈಗೆ ಕೊಟ್ಟರು. ನಾನು ತಗೊಂಡೆ. ಆಗ ಮೊದಲ ಸಲ ಒಬ್ಬರ ಮುಖ ಒಬ್ಬರು ಸರಿಯಾಗಿ ನೋಡಿದೆವು. ಅವರ ಕಣ್ಣು ಕಂದು ಬಣ್ಣದವು, ಅದುವರೆಗೂ ನನಗೆ ಗೊತ್ತಿರಲಿಲ್ಲ.

"ನಾನು ಬರೋವರೆಗೂ... ಇರ್ತೀರಾ?" ಕೇಳುವಾಗ ಅವರ ದನಿ ಒಡೆಯಿತು.

ಉತ್ತರಕ್ಕೆ ಕಾಯಲು ಅವರಿಗೆ ಪುರುಸೊತ್ತಿರಲಿಲ್ಲ. ದಡದಡ ಇಳಿದುಹೋದರು.

ಅತ್ತಿಗೆಗೆ ಫೋನ್ ಮಾಡಿ ಊಟಕ್ಕೆ ಕಾಯಬೇಡಿ ಅಂದೆ. "ಎಲ್ಲಿದ್ದೀಯೇ?" ಅಂದರು. "ಒಬ್ಬರ ಮನೇಲಿ" ಅಂದೆ. "ಸರಿ, ನಿಧಾನಕ್ಕೆ ಬಾ" ಅಂದರು. ಅವರ ದನಿಯಲ್ಲಿ ಅಂಥ ಮೆದುತನ ನಾನು ಹಿಂದೆ ಕೇಳಿರಲಿಲ್ಲ.

ಬಟ್ಟೆ ಮಡಿಸಿಟ್ಟೆ. ಅದು ಮುಗಿದ ಮೇಲೆ ಮಾಡೋಕೆ ಏನೂ ಉಳಿಯಲಿಲ್ಲ. ಆ ಮನೆ ಎಷ್ಟು ನಿಶ್ಶಬ್ದ ಅಂದರೆ, ಇಷ್ಟು ವರ್ಷ ಈ ಮನುಷ್ಯ ಇಲ್ಲಿ ಹೇಗೆ ಸಂಜೆ ಕಳೆದನಪ್ಪಾ ಅಂತ ಅಳು ಬಂತು. ನನಗೂ ಸೇರಿಸಿ ಅತ್ತುಬಿಟ್ಟೆ. ಹೊರಗೆ ಕತ್ತಲಾಗುತ್ತಾ ಬಂದಾಗ ಎದ್ದು ಲೈಟ್ ಹಾಕಿದೆ.

ಮೆಟ್ಟಿಲ ಮೇಲೆ ಹೆಜ್ಜೆ ಸದ್ದಾಯಿತು. ಬಾಗಿಲ ಆಚೆ ಬಂದು ನಿಂತಿತು. ಬೆಲ್ ಆಗಲಿಲ್ಲ. ನಾನೇ ಹೋಗಿ ಬಾಗಿಲು ತೆಗೆದೆ.

ಅವರು ಬೀಗದ ಕೈ ಹಿಡಿದುಕೊಂಡು ನಿಂತಿದ್ದರು. ಇಷ್ಟು ವರ್ಷದ ಅಭ್ಯಾಸ. ಒಳಗೆ ಉರಿಯುತ್ತಿದ್ದ ಲೈಟ್ ನೋಡಿದರು, ನನ್ನನ್ನು ನೋಡಿದರು.

"ಇದ್ದೀರಾ?" ಅಂದರು.

"ಇದ್ದೀನಿ" ಅಂದೆ.