ಮಾಗಲಿಟ್ಟ ನಗು

ಬಹಳ ಬಹಳ ಹಿಂದೆ, ನೀಲಿ ಬೆಟ್ಟಸಾಲಿನ ಆಚೆ ಹುಳಿಯಾವತಿ ಎಂಬ ರಾಜ್ಯವಿತ್ತು. ಅಲ್ಲಿಯ ಜನ ಉಪ್ಪಿನಕಾಯಿ ಹಾಕುವುದರಲ್ಲಿ ಎತ್ತಿದ ಕೈ. ಯಾವುದೇ ಆಗಲಿ, ಇಟ್ಟಷ್ಟೂ ರುಚಿ ಎಂದು ನಂಬಿದವರು. ಆ ನಂಬಿಕೆಯೇ ಅವರಿಗೆ ಮುಳುವಾಯಿತು ನೋಡಿ! ಮಸಿಗಣ್ಣನೆಂಬ ಮಾಂತ್ರಿಕ ಬಂದು, "ಸಂತೋಷವನ್ನ ಯಾರಾದರೂ ಹಸಿಹಸಿಯಾಗಿ ಖರ್ಚು ಮಾಡ್ತಾರೇನ್ರಯ್ಯಾ? ಭರಣಿಗೆ ತುಂಬಿ ಕೊಡಿ, ನನ್ನ ಕೋಟೆಯಲ್ಲಿ ಮಾಗಲಿ" ಅಂದ. ಅಂದದ್ದೇ ತಡ, ನಗು ಬಂದಾಗಲೆಲ್ಲ ಜನ ಭರಣಿಗೆ ಬಾಯಿಟ್ಟು ನಕ್ಕು, ಮೇಲೆ ಬಟ್ಟೆ ಬಿಗಿದು ಕಳಿಸಿದರು. ನಗು ಹೋದ ಮೈ ಕಾಲಿನಿಂದ ಮೇಲಕ್ಕೆ ಕಲ್ಲಾಗತೊಡಗಿತು.

ಆ ಊರಿನ ಚೆನ್ನಾಜವ್ವ ತನ್ನ ಸಂತೋಷವನ್ನೆಲ್ಲ ಮಗಳು ದೇಮಕ್ಕನ ಮದುವೆಗೆಂದು ಒಂದು ದೊಡ್ಡ ಭರಣಿಯಲ್ಲಿ ತುಂಬಿ ಕಳಿಸಿದ್ದಳು. ಹಾಗಾಗಿ ಅವ್ವ ನಕ್ಕದ್ದನ್ನು ದೇಮಕ್ಕ ಒಮ್ಮೆಯೂ ಕಂಡವಳಲ್ಲ. ಅವಳಿಗೆ ಇದ್ದದ್ದು ಅದೊಂದೇ ಆಸೆ. ಮಲಗಿದ ಅವ್ವನ ತುಟಿಯನ್ನೇ ನೋಡುತ್ತ, ಕನಸಿನಲ್ಲಾದರೂ ನಕ್ಕಾಳೇನೋ ಎಂದು ಕಾಯುತ್ತಿದ್ದಳು, ಪಾಪ. ಕಲ್ಲು ಅವ್ವನ ಸೊಂಟಕ್ಕೇರಿದಾಗ ದೇಮಕ್ಕನ ಜೀವ ಬಾಯಿಗೆ ಬಂತು. ಕಲ್ಲು ಹಣೆ ಮುಟ್ಟಿತೋ, ಅವ್ವ ಇಲ್ಲ! ಭರಣಿ ತರಲು ಹೊರಟೇಬಿಟ್ಟಳು.

ಕೋಟೆಯ ಮೊದಲ ಬಾಗಿಲಲ್ಲಿ ಬೆಂಕಿ ಉಗುಳುವ ಹುಲಿ. "ನನ್ನ ಕಂಡರೆ ಹೆದರಿಕೆ ಇಲ್ವಾ?" ಅಂತು.

"ಇದೆ. ಅವ್ವನ ನಗು ನೋಡದೆ ಸಾಯೋದು ಅಂದ್ರೆ ಇನ್ನೂ ಹೆದರಿಕೆ" ಅಂದಳು ದೇಮಕ್ಕ. ಹುಲಿಗೆ ತನ್ನ ತಾಯಿ ನೆನಪಾಗಿ ಕಣ್ಣೀರು ಸುರಿಯಿತು. ಆ ನೀರಿಗೆ ಬೆಂಕಿ ಆರಿತು.

ಎರಡನೆಯ ಬಾಗಿಲಲ್ಲಿ ಅವ್ವನೇ ಕೂತಿದ್ದಳು! ನಗುನಗುತ್ತ, "ಬಾ ಮಗಳೇ, ಇಲ್ಲೇ ಇದ್ದುಬಿಡು" ಎಂದು ಕರೆದಳು. ದೇಮಕ್ಕ ಹೋಗಿ ಮಡಿಲಲ್ಲಿ ತಲೆಯಿಟ್ಟಳು. ಆದರೆ ಎಣ್ಣೆ ಕಾಣದ ಆ ತಲೆಯನ್ನು ನೋಡಿಯೂ ಈ ಅವ್ವ ಬೈಯಲಿಲ್ಲ. "ನೀನು ನಮ್ಮವ್ವ ಅಲ್ಲ" ಎಂದು ಅಳುತ್ತಲೇ ಎದ್ದಳು. ಮಾಯೆ ಕರಗಿತು.

ಮೂರನೆಯ ಬಾಗಿಲ ಒಳಗೆ ಸಾಲುಸಾಲು ಭರಣಿಗಳು, ನಡುವೆ ಮಸಿಗಣ್ಣ. "ನಿಮ್ಮವ್ವನದು ಯಾವುದು, ಆರಿಸು. ತಪ್ಪಿದರೆ ನೀನೂ ಒಂದು ಭರಣಿಯಾಗ್ತೀಯ" ಅಂದ. ಚೆನ್ನಾಜವ್ವ ಎಡಗೈಯವಳು. ಬಟ್ಟೆಯ ಗಂಟನ್ನು ಎಡಕ್ಕೆ ತಿರುಗಿಸಿ ಬಿಗಿಯುತ್ತಿದ್ದಳು. ಹುಡುಕಿ ಹುಡುಕಿ ಆ ಗಂಟನ್ನು ಕಂಡೊಡನೆ ದೇಮಕ್ಕ ಭರಣಿಯನ್ನು ಅಪ್ಪಿಕೊಂಡಳು. "ತಗೊಂಡು ಹೋಗಮ್ಮ" ಎಂದು ಮಾಂತ್ರಿಕ ಹಲ್ಲುಕಿರಿದ. ಅಷ್ಟು ಸಲೀಸಾಗಿ ಕೊಟ್ಟಾಗಲೇ ಅನುಮಾನ ಬರಬೇಕಿತ್ತು. ಎಲ್ಲಿ ಬರುತ್ತೆ, ಮನಸ್ಸೆಲ್ಲ ಮನೆಯ ಕಡೆಗಿತ್ತು.

ಅವಳು ಓಡೋಡಿ ಬರುವಷ್ಟರಲ್ಲಿ ಕಲ್ಲು ಅವ್ವನ ಕೊರಳಿಗೆ ಬಂದಿತ್ತು.

"ತಂದ್ಯಾ ಮಗಳೇ? ಈಗಲೇ ತೆಗೀಬೇಡ ಕಣೇ. ನಿನ್ನ ಮದುವೆಗೆ ಇರಲಿ" ಅಂದಳು ಅವ್ವ.

ಕೊರಳವರೆಗೆ ಕಲ್ಲಾದವಳು ಆಡುವ ಮಾತೇ ಇದು! ದೇಮಕ್ಕ ಗಂಟನ್ನು ಕಿತ್ತೆಸೆದಳು. ಒಳಗಿನಿಂದ ಏನೂ ಬರಲಿಲ್ಲ. ಭರಣಿಯನ್ನು ಬೋರಲು ಮಾಡಿ ಕೊಡವಿದಳು. ಏನೂ ಬೀಳಲಿಲ್ಲ. ಮಾಂತ್ರಿಕ ಎಲ್ಲವನ್ನೂ ಎಂದೋ ಕುಡಿದು ಮುಗಿಸಿದ್ದ. ತಳದಲ್ಲಿ ಒಂದು ತೊಟ್ಟಾದರೂ ಇದ್ದೀತೆಂದು ತಲೆಯನ್ನೇ ಒಳಗೆ ತೂರಿಸಿದಳು. ತಲೆ ಸಿಕ್ಕಿಕೊಂಡಿತು!

"ಅವ್ವಾ, ಏನೂ ಇಲ್ಲ ಕಣವ್ವಾ!" ಎಂದು ಭರಣಿಯೊಳಗಿಂದ ಗುಂಯ್‌ಗುಟ್ಟುತ್ತ ಅತ್ತಳು. ದಾರಿ ಕಾಣದೆ ಹೋಗಿ ಕಂಬಕ್ಕೆ ಢಣ್ಣೆಂದು ಡಿಕ್ಕಿ ಹೊಡೆದಳು. ಅದನ್ನೇ ಅವ್ವ ಅಂದುಕೊಂಡು, "ಅಯ್ಯೋ, ಪೆಟ್ಟಾಯ್ತೇನವ್ವ?" ಎಂದು ಕೇಳಿದಳು.

ಆಗ ಒಂದು ಸದ್ದು ಕೇಳಿತು. ಮೊದಲು ಕೆಮ್ಮಿನಂತೆ, ಆಮೇಲೆ ತಡೆಯಲಾಗದೆ ಉಕ್ಕಿ ಉಕ್ಕಿ. ಹುಟ್ಟಿದಾಗಿನಿಂದ ಕಾದಿದ್ದ ಆ ಸದ್ದನ್ನು ದೇಮಕ್ಕ ಕತ್ತಲೆಯಲ್ಲಿ ನಿಂತು ಕೇಳಿದಳು. "ನಿಲ್ಲಿಸಬೇಡ ಅವ್ವಾ, ನಾನಿನ್ನೂ ನೋಡಿಲ್ಲ!" ಎಂದು ಕೂಗಿದಳು. ಅವ್ವನ ಮೈಯಿಂದ ಕಲ್ಲು ಪದರಪದರವಾಗಿ ಉದುರಿತು. ಬೆಚ್ಚಗಿನ ಎರಡು ಕೈಗಳು ಬಂದು ಭರಣಿಯನ್ನು ಹಿಡಿದು ಎಳೆದವು.

ಆ ನಗು ಬೀದಿಗೆ ಕೇಳಿ, ನೆರೆಹೊರೆಯವರು ಇದ್ದಲ್ಲೇ ತಾವೂ ನಕ್ಕರು, ಅವರ ಕಲ್ಲೂ ಉದುರಿತು, ಊರಿಗೆ ಊರೇ ನಕ್ಕಿತು. ಕೋಟೆಗೆ ಹೊಸ ಭರಣಿ ಹೋಗುವುದು ನಿಂತಿತು. ಕುಡಿಯಲು ಏನೂ ಸಿಗದೆ ಮಸಿಗಣ್ಣ ಸೊರಗಿ ಸೊರಗಿ ಹೊಗೆಯಾಗಿ ಹಾರಿಹೋದ. ಆ ರಾಜ್ಯದವರು ಅಂದಿನಿಂದ ಸುಖವಾಗಿದ್ದರು.

"ಸಂತೋಷ ಅಂದ್ರೆ ಏನು ಅಂತ ಗೊತ್ತಾಯ್ತೇನೇ ದೇಮಕ್ಕಾ?" ಎಂದು ಊರಿನವರು ಕೇಳುತ್ತಿದ್ದರು.

"ನಮ್ಮವ್ವನ ಮುಂದಿನ ಹಲ್ಲು ಒಂಚೂರು ವಾರೆ" ಅನ್ನುತ್ತಿದ್ದಳು ಅವಳು. "ಇಷ್ಟು ವರ್ಷ ಜೊತೆಗಿದ್ದರೂ ನನಗೆ ಗೊತ್ತೇ ಇರಲಿಲ್ಲ ನೋಡಿ."