ಅಡುಗೆಮನೆಗೆ ಬಿಟ್ಟ ಪ್ಲಗಿನ್

ಗುರುವಿಗೇ ತಿರುಮಂತ್ರ ಹೇಳುವ ಶಿಷ್ಯರು ಎಲ್ಲ ಕಾಲಕ್ಕೂ ಇದ್ದಾರೆ. ಶಿಷ್ಯೆಗೆ ಗುಂಡಿ ತೋಡುವ ಗುರು ಅಪರೂಪ. ಬಸವನಗುಡಿಯ ಸಣ್ಣ ಸಾಫ್ಟ್‌ವೇರ್ ಕಂಪನಿಯೊಂದರಲ್ಲಿ ಅಂಥ ಗುರು ಸಂಕರ್ಷಣ, ಶಿಷ್ಯೆ ಮಾನಸ. ಭದ್ರತಾ ವಿಭಾಗದ ಮುಖ್ಯಸ್ಥೆಯ ಹುದ್ದೆಯನ್ನು ಅವಳಿಗೆ ಕೊಟ್ಟ ದಿನ ಮಾಲೀಕ ಚಕ್ರಪಾಣಿ ಎಲ್ಲರೆದುರು ಇವನ ಬೆನ್ನು ತಟ್ಟಿದ್ದರು. "ನೀವಿನ್ನು ಆರಾಮಾಗಿರಿ ಸಂಕರ್ಷಣ, ಹುಡುಗಿ ನೋಡ್ಕೋತಾಳೆ."

ಹುಡುಗಿಗೆ ನೋಡಿಕೊಳ್ಳುವುದನ್ನು ಕಲಿಸಿದವನೇ ಅವನು. ಕಂಪನಿ ಕಟ್ಟಿಕೊಡುವ ವೆಬ್‌ಸೈಟುಗಳಿಗೆ ಹೊರಗಿನವರು ಬರೆದ ಪ್ಲಗಿನ್‌ಗಳು, ಅಂದರೆ ಪುಟ್ಟ ಪೂರಕ ಪ್ರೋಗ್ರಾಮುಗಳು, ಸೇರುತ್ತವೆ. ಅವು ಓಡುವುದು ಕಂಪನಿಯ ಯಂತ್ರದಲ್ಲಲ್ಲ, ಪುಟ ತೆರೆದವರ ಮೊಬೈಲಿನಲ್ಲಿ. ಆದ್ದರಿಂದ ಒಂದೊಂದನ್ನೂ ಸೋಸಿ ದರ್ಜೆಗೆ ಹಾಕಬೇಕು. ದಾರಿಹೋಕರು ಗೇಟಿನಾಚೆ, ನೆಂಟರು ನಡುಮನೆಯವರೆಗೆ, ಮನೆಯವರು ಅಡುಗೆಮನೆಗೂ. ಈ ಹೆಸರುಗಳನ್ನಿಟ್ಟವನೂ ಸಂಕರ್ಷಣನೇ. 'ಮನೆಯವರು' ಎನಿಸಿಕೊಂಡ ಪ್ಲಗಿನ್ನಿಗೆ ಜನ ಪುಟದಲ್ಲಿ ಬರೆಯುವುದೆಲ್ಲ ಕಾಣುತ್ತದೆ.

ಅವನ ಲೆಕ್ಕ ಸರಳವಾಗಿತ್ತು. ಒತ್ತಿದ ಅಕ್ಷರಗಳನ್ನೆಲ್ಲ ಕದ್ದು ಕೂಡಿಡುವ ಪ್ಲಗಿನ್ ಒಂದನ್ನು ಕಂಪನಿಯ ಗಿರಾಕಿಯಾದ ಮಲ್ಲೇಶ್ವರದ ಕ್ಲಿನಿಕ್ಕೊಂದರ ವೆಬ್‌ಸೈಟಿಗೆ ಸೇರಿಸಬೇಕು. ಮಾನಸಳ ಲಾಗಿನ್‌ನಿಂದಲೇ ಅದನ್ನು 'ಮನೆಯವರು' ಮಾಡಬೇಕು. ಆಮೇಲೆ ಯಾರೋ ರೋಗಿಯ ಸೋಗಿನಲ್ಲಿ ದೂರು ಕೊಡಬೇಕು. ಒಪ್ಪಿಗೆ ಅವಳದು, ತಪ್ಪೂ ಅವಳದು. ಕೆಲಸ ಹೋಗುತ್ತದೆ, ಈ ಊರಿನಲ್ಲಿ ಇನ್ನು ಯಾರೂ ಅವಳನ್ನು ನಂಬುವುದಿಲ್ಲ.

ಅವಕಾಶವನ್ನು ಅವಳೇ ಕೈಗಿಟ್ಟಳು. "ಸರ್, ಅಮ್ಮನ್ನ ಕಲಾಸಿಪಾಳ್ಯದಲ್ಲಿ ಬಸ್ ಹತ್ತಿಸಿ ಬಂದ್ಬಿಡ್ತೀನಿ. ಲ್ಯಾಪ್‌ಟಾಪ್ ಲಾಕ್ ಮಾಡಿಲ್ಲ, ಏನಾದ್ರೂ ಬಂದ್ರೆ ನೀವೇ ನೋಡ್ಬಿಡಿ." ಬೇರೆ ಯಾರಿಗೂ ಹಾಗೆ ಬಿಟ್ಟು ಹೋಗುವವಳಲ್ಲ. ಅವಳು ವಾಪಸು ಬರುವಷ್ಟರಲ್ಲಿ ಕಳ್ಳ ಅಡುಗೆಮನೆಯಲ್ಲಿದ್ದ.

ಮರುದಿನ, ಕೆಲಸ ನಡೆಯುತ್ತಿದೆಯೇ ಎಂದು ಕದ್ದ ಬರಹದೊಳಗೆ ಇಣುಕಿದ. ಯಾರೋ ಹೆಂಗಸು ಬರೆದಿದ್ದಳು: "ಎದೆಯಲ್ಲಿ ಗಂಟು ಇದೆ. ಮನೆಯಲ್ಲಿ ಹೇಳಿಲ್ಲ, ದಯವಿಟ್ಟು ಫೋನ್ ಮಾಡಬೇಡಿ." ಸಂಕರ್ಷಣನ ಕಿವಿ ಬಿಸಿಯಾಯಿತು. ಸ್ನಾನದ ಮನೆಗೆ ಇಣುಕಿ ಸಿಕ್ಕಿಬಿದ್ದವನಂತೆ ನಾಚಿಕೆಯಾಯಿತು. ಆಗಲೇ ಅದನ್ನು ಕಿತ್ತು ಹಾಕಬಹುದಿತ್ತು. ಎರಡೇ ದಿನ ತಾನೇ ಎಂದು ಮನಸ್ಸಿಗೆ ಹೇಳಿಕೊಂಡ. ಆ ಸಮಾಧಾನಕ್ಕೂ ನಾಚಿಕೆಯಾಯಿತು, ಆದರೂ ಬಿಟ್ಟ. ಮಾಡಬಾರದ್ದನ್ನು ಮಾಡುವವನಿಗೆ ನಾಚಿಕೆ ಇರುವುದಿಲ್ಲ ಎನ್ನುತ್ತಾರೆ, ಅದು ಸುಳ್ಳು.

ದೂರು ಬರೆಯಲು ಬಳೇಪೇಟೆಯ ಸೈಬರ್ ಸೆಂಟರಿಗೆ ಹೋದ. ಅಲ್ಲಿ ಪರಿಚಯದವರಿಲ್ಲ. ಕ್ಲಿನಿಕ್ಕಿನ ಪುಟದಲ್ಲೇ, ಕೈಲಾಸ್ ಎಂಬ ಇಲ್ಲದ ರೋಗಿಯ ಹೆಸರಿನಲ್ಲಿ, ತನ್ನ ಕಾಯಿಲೆಯ ವಿಷಯ ಹೊರಗೆ ಹೋಗಿದೆ ಎಂದು ಬರೆದು ಕಳಿಸಿದ. ಮತ್ತೆ ಮತ್ತೆ ಓದಿ ನೋಡಿಯೇ ಕಳಿಸಿದ್ದ. ಅದರಲ್ಲಿ ಅವನ ಗುರುತು ಎಳ್ಳಷ್ಟೂ ಇರಲಿಲ್ಲ.

ಎಲ್ಲ ಅಂದುಕೊಂಡಂತೆ ನಡೆಯಿತು: ದೂರು ಕಂಪನಿಗೆ ಬಂತು, ಕಳ್ಳ ಪ್ಲಗಿನ್ ಸಿಕ್ಕಿಬಿತ್ತು. ಚಕ್ರಪಾಣಿ ಇಬ್ಬರನ್ನೂ ಕೋಣೆಗೆ ಕರೆದರು. "ಒಪ್ಪಿಗೆ ನಿಮ್ಮ ಲಾಗಿನ್‌ನಿಂದ ಆಗಿದೆ ಮಾನಸ. ನೀವೇ ರಾಜೀನಾಮೆ ಕೊಟ್ಬಿಡಿ, ಮರ್ಯಾದೆ."

ಮಾನಸ ಲ್ಯಾಪ್‌ಟಾಪ್ ತೆರೆದಳು. "ಕೊಡ್ತೀನಿ ಸರ್. ಯಾರ್ಯಾರದ್ದು ಕಳುವಾಗಿದೆ ಅಂತ ಮೊದಲು ನೋಡ್ಬೇಕು, ಅವರಿಗೆಲ್ಲ ಹೇಳ್ಬೇಕಲ್ವಾ? ಸಂಕರ್ಷಣ ಸರ್ ಜೊತೇಲಿದ್ರೆ ಸಾಕು." ಅವನನ್ನು ಪಕ್ಕದಲ್ಲೇ ಕೂರಿಸಿಕೊಂಡು, ಪ್ಲಗಿನ್ ಕದ್ದು ಕೂಡಿಟ್ಟಿದ್ದನ್ನು ತೆರೆದು, ದೂರು ಕೊಟ್ಟ ಕೈಲಾಸ್‌ನಿಂದಲೇ ಶುರು ಮಾಡಿದಳು.

ಪ್ಲಗಿನ್ ಜನ ಬರೆದು ಕಳಿಸಿದ್ದನ್ನಷ್ಟೇ ಕದಿಯುತ್ತಿರಲಿಲ್ಲ. ಒತ್ತಿದ್ದನ್ನೆಲ್ಲ ಕದಿಯುತ್ತಿತ್ತು, ಅಳಿಸಿದ್ದನ್ನೂ. ಅಜ್ಜ ಕೈ ಹಿಡಿದು ತಿದ್ದಿಸಿದ ಅಭ್ಯಾಸ, ಸಂಕರ್ಷಣ ಅಂಗಡಿ ಚೀಟಿ ಬರೆದರೂ, ಆಫೀಸಿನ ಮೇಲ್ ಬರೆದರೂ ಮೊದಲ ಸಾಲಿನಲ್ಲಿ ಮನೆದೇವರ ಹೆಸರು ಬರೆಯದೆ ಬೆರಳು ಮುಂದೆ ಹೋಗುತ್ತಿರಲಿಲ್ಲ. ಬಳೇಪೇಟೆಯಲ್ಲೂ ಹೋಗಿರಲಿಲ್ಲ, ನಾಲಿಗೆ ಕಚ್ಚಿಕೊಂಡು ಆ ಸಾಲನ್ನು ಅಳಿಸಿ, ಅಳಿಸಿದ್ದನ್ನೂ ಮರೆತಿದ್ದ. ಈಗ ಪರದೆಯ ಮೇಲೆ, ಕೈಲಾಸನ ದೂರಿನ ನೆತ್ತಿಯಲ್ಲಿ, 'ಶ್ರೀ ಬೆಟ್ಟದಹಳ್ಳಿ ಚೆನ್ನಿಗರಾಯ ಪ್ರಸನ್ನ' ಎಂದಿತ್ತು. ಮಾನಸ ಅದನ್ನು ಓದಿದಳು. ಆಮೇಲೆ ಅವನ ಕಡೆ ತಿರುಗದೆ, ಚಕ್ರಪಾಣಿಯವರಿಗೆ ಕೇಳಿಸಬಾರದೆಂಬಷ್ಟು ಮೆಲ್ಲಗೆ ಕೇಳಿದಳು. "ಸರ್, ಇದು ನಿಮ್ಮ ಮನೆದೇವರಲ್ವಾ?"